ಹಿಡಿದು ಬಿಟ್ಟ ಮೀನು

ಮೀನು ಹಿಡಿದು ತಿನ್ನುವವನ ವಿಷಯದಲ್ಲಿ ನಮಗೆ ಹೆಚ್ಚಿನ ಸಂದೇಹಗಳಿಲ್ಲ. ಹಸಿವಾಗಿತ್ತು, ಬಲೆ ಬೀಸಿದ, ಹಿಡಿದ, ಉಂಡ. ಆದರೆ ಮೀನು ಹಿಡಿದು, ಅದರ ತುಟಿಯಿಂದ ಕೊಕ್ಕೆ ಬಿಡಿಸಿ, ಮತ್ತೆ ನೀರಿಗೇ ಬಿಟ್ಟು, ಬರಿಗೈಯಲ್ಲಿ ಸಂತೃಪ್ತನಾಗಿ ಮನೆಗೆ ಮರಳುವವನ ವಿಷಯದಲ್ಲಿ ನೀವು ಏನು ಹೇಳುವಿರಿ? ಕೊಂದು ತಿನ್ನುವವನಿಗಿಂತ ಇವನು ಹೆಚ್ಚು ದಯಾವಂತನೇ? ಇಲ್ಲವೆ, ಹಸಿವೆಂಬ ಕಾರಣವೂ ಇಲ್ಲದೆ ಒಂದು ಜೀವಿಯನ್ನು ನೋಯಿಸಿದವನೇ? ಪ್ರಿಯ ಓದುಗರೇ, ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಬಿಟ್ಟು ಮೀನುಸಾರು ಉಂಡು ಬೆಳೆದ ನಮಗೆ ಈ ಪ್ರಶ್ನೆ ತುಸು ವಿಚಿತ್ರವೆನಿಸಬಹುದು. ಆದರೂ ಇದರೊಳಗೆ ದಯೆ ಎಂದರೇನು ಎಂಬ ಹಳೆಯ ಪ್ರಶ್ನೆಯೊಂದು ಅಡಗಿದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ವಿಚಾರಿಸೋಣ.

ಈ ಪ್ರಶ್ನೆ ತನ್ನ ಪೂರ್ಣರೂಪದಲ್ಲಿ ಕಾಣಸಿಗುವುದು ಅಮೆರಿಕದ ದಕ್ಷಿಣ ರಾಜ್ಯಗಳ ಜಲಾಶಯಗಳಲ್ಲಿ, ಅದೂ ಬೇಸಿಗೆಯ ಉರಿಯಲ್ಲಿ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಆ ನಾಡಿನಲ್ಲಿ ನೆಲೆಸಿರುವುದರಿಂದ ಆ ನೀರು ನಮಗೂ ತೀರ ದೂರದ್ದಲ್ಲ. ಟೆಕ್ಸಾಸ್ ರಾಜ್ಯದ ದೊಡ್ಡ ಕೆರೆಗಳು ಬಹುತೇಕ ಎಲ್ಲವೂ ಮನುಷ್ಯ ಅಣೆಕಟ್ಟು ಕಟ್ಟಿ ಮಾಡಿಕೊಂಡವು. ಡಾಲಸ್ ನಗರದ ಪೂರ್ವಕ್ಕೆ ಲೇಕ್ ಫೋರ್ಕ್ ಎಂಬ ಜಲಾಶಯವಿದೆ. 1980ರ ಸುಮಾರಿಗೆ ತುಂಬತೊಡಗಿದ ಅದರ ವಿಸ್ತಾರ ಸುಮಾರು 27,000 ಎಕರೆ. ಮುಳುಗಿದ ಮರಗಳ ಒಣಬೊಡ್ಡೆಗಳು ಅಲ್ಲಿ ಇಂದಿಗೂ ನೀರಿನ ಮೇಲೆ ತಲೆಯೆತ್ತಿ ನಿಂತಿವೆ. ನಮ್ಮ ಹಿನ್ನೀರುಗಳನ್ನು ಕಂಡವರಿಗೆ ಆ ನೋಟ ಅಪರಿಚಿತವೇನಲ್ಲ. ಆ ಬೊಡ್ಡೆಗಳ ನೆರಳಿನಲ್ಲಿ ಹೊಂಚುಹಾಕುವುದು ಬಾಸ್ ಎಂಬ ಮೀನು: ಹಸಿರು ಬೆನ್ನು, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟಿ, ಮೈಗೆ ಮೀರಿದ ಅಗಲವಾದ ಬಾಯಿ. ನಮ್ಮ ನದಿಗಳ ಮೂಲ ಮೀನಲ್ಲವಾದ್ದರಿಂದ ಕನ್ನಡದಲ್ಲಿ ಅದಕ್ಕೊಂದು ಹೆಸರು ಹುಟ್ಟಲಿಲ್ಲ.

ಇದನ್ನು ಹಿಡಿಯುವ ವಿಧಾನಗಳು ಹಲವು. ಅವುಗಳಲ್ಲಿ ಅತ್ಯಂತ ನಾಜೂಕಿನದು ಫ್ಲೈ ಗಾಳ. ನಾವು ಬಲ್ಲ ಗಾಳಕ್ಕೆ ಎರೆಹುಳುವೋ ಹಿಟ್ಟಿನುಂಡೆಯೋ ಬೇಕು. ಫ್ಲೈ ಗಾಳಕ್ಕೆ ಜೀವವಿರುವ ಎರೆ ಬೇಡ. ಹಕ್ಕಿಯ ಗರಿ, ಜಿಂಕೆಯ ಕೂದಲು, ಬೆಂಡಿನ ಚೂರುಗಳನ್ನು ಕೊಕ್ಕೆಗೆ ಸುತ್ತಿ ಒಂದು ಹುಳುವನ್ನೋ ಪುಟ್ಟ ಕಪ್ಪೆಯನ್ನೋ ಹೋಲುವ ಬೊಂಬೆ ಮಾಡುತ್ತಾರೆ. ಆ ಬೊಂಬೆಗೆ ಭಾರವೇ ಇರುವುದಿಲ್ಲವಾದ್ದರಿಂದ ಅದನ್ನು ದೂರ ಎಸೆಯಲಾಗದು. ಅದಕ್ಕೆಂದೇ ದಾರವನ್ನು ದಪ್ಪವಾಗಿ, ತೂಕವಾಗಿ ಮಾಡಿರುತ್ತಾರೆ. ಸುಮಾರು ಒಂಬತ್ತು ಅಡಿಯ ಬಳುಕುವ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ, ತುದಿಯ ಹುಳುವನ್ನು ನೀರಿನ ಮೇಲೆ ಇಳಿಸುತ್ತದೆ. ನೋಡಲು ಬಹಳ ಸೊಗಸು. ಮುಂಜಾವಿನ ನಿಶ್ಚಲ ನೀರಿನಲ್ಲಿ ಆ ಬೊಂಬೆಕಪ್ಪೆ ಒಮ್ಮೆ ಅಲುಗಿ ಸುಮ್ಮನಾಗುತ್ತದೆ, ಉಂಗುರಗಳು ಹರಡಿ ಅಳಿಯುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ನೀರು ಸಿಡಿದು ಬಾಸ್ ಮೇಲೇಳುತ್ತದೆ. ಆ ಗಳಿಗೆಯ ಆನಂದವನ್ನು ನಾನು ಹೀಗಳೆಯಲಾರೆ. ಸೃಷ್ಟಿಯ ಸೊಬಗಿನೆದುರು ಮೈಮರೆಯುವುದು ಪ್ರಾರ್ಥನೆಗೆ ಬಹಳ ದೂರದ ಸ್ಥಿತಿಯಲ್ಲ.

ಹಿಡಿದ ಬಾಸನ್ನು ಬಿಟ್ಟುಬಿಡುವುದು ಅಲ್ಲಿ ಇಂದು ಬಹುಪಾಲು ಜನರ ರೂಢಿ. ಆ ರೂಢಿ ಅಷ್ಟೇನೂ ಹಳೆಯದಲ್ಲ. ಲೀ ವುಲ್ಫ್ ಎಂಬ ಗಾಳಗಾರ 1939ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಮೀನನ್ನು ಮರಳಿ ಬಿಡುವುದರ ಪರವಾಗಿ ವಾದಿಸಿದ್ದರೂ, ಬಾಸ್ ಹಿಡಿಯುವವರ ನಡುವೆ ಅದು ಬೇರೂರಿದ್ದು ರೇ ಸ್ಕಾಟ್ ಎಂಬಾತ 1972ರಲ್ಲಿ ತನ್ನ ಗಾಳಸ್ಪರ್ಧೆಗಳಲ್ಲಿ ಮೀನನ್ನು ಕೊಲ್ಲದೆ ತೂಗಿ ಬಿಡಬೇಕೆಂಬ ಪದ್ಧತಿ ತಂದ ಮೇಲೆ. ಅದಕ್ಕೆ ಮೊದಲಿನ ಕಾಲಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1932ರ ಜೂನ್ 2ರಂದು ಜಾರ್ಜಿಯ ರಾಜ್ಯದ ಮಾಂಟ್ಗೊಮೆರಿ ಕೆರೆಯಲ್ಲಿ ಜಾರ್ಜ್ ಪೆರಿ ಎಂಬ ತರುಣ ರೈತ ಹತ್ತು ಕಿಲೋಗ್ರಾಮಿಗೆ ತುಸು ಮೀರಿದ ಬಾಸನ್ನು ಹಿಡಿದ. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಅದಕ್ಕೆ ಸರಿದೂಗುವ ಮೀನು ಸಿಗುವವರೆಗೂ ವಿಶ್ವದಾಖಲೆ ಅವನೊಬ್ಬನದೇ ಆಗಿತ್ತು. ಮಹಾ ಆರ್ಥಿಕ ಮುಗ್ಗಟ್ಟಿನ ವರ್ಷಗಳವು. ಆ ಮೀನಿನ ತೂಕ ಬರೆಸಿದ ಮೇಲೆ ಪೆರಿ ಮಾಡಿದ್ದೇನು? ಮನೆಗೆ ಕೊಂಡೊಯ್ದ, ಮನೆಯವರು ಬೇಯಿಸಿ ಉಂಡರು. ಇಂದಿನ ಗಾಳಗಾರರಿಗೆ ಈ ಕಥೆ ಸಂಕಟ ತರುತ್ತದೆಯಂತೆ. ನನಗಂತೂ ಇದರಲ್ಲಿ ಯಾವ ಸಂಕಟವೂ ಕಾಣುವುದಿಲ್ಲ.

ನಮ್ಮ ಧರ್ಮಕೇಂದ್ರದ ಒಬ್ಬ ತಾಯಿಗೆ ಸಂಕಟವಾದದ್ದು ಇದಕ್ಕೆ ವಿರುದ್ಧವಾದ ಕಾರಣಕ್ಕೆ. ಕಬಿನಿ ಹಿನ್ನೀರಿನ ಅಂಚಿನ ಊರಿನಲ್ಲಿ ಹುಟ್ಟಿ ಬೆಳೆದವರು ಅವರು. ಮಗ ಡಾಲಸ್ ಬಳಿ ಕೆಲಸದಲ್ಲಿದ್ದಾನೆ. ಜುಲೈ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಆಕೆ ಫೋನಿನಲ್ಲಿ ಬಂದ ಚಿತ್ರವನ್ನು ನನಗೆ ತೋರಿಸಿದರು. ಮಗನೂ ಮೊಮ್ಮಗನೂ ದೋಣಿಯಲ್ಲಿ ನಿಂತು, ನಡುಹಗಲ ಬಿಸಿಲಲ್ಲಿ, ದೊಡ್ಡ ಬಾಸ್ ಮೀನೊಂದನ್ನು ಎತ್ತಿ ಹಿಡಿದು ನಗುತ್ತಿದ್ದರು. "ನೋಡಿ ಸ್ವಾಮಿ, ಹಿಡಿದು ಮತ್ತೆ ನೀರಿಗೇ ಬಿಟ್ಟನಂತೆ. ತಿನ್ನೋಕಲ್ದಿದ್ರೆ ಅದರ ಬಾಯಿ ಯಾಕೆ ಹರೀಬೇಕು?" ಎಂದರು. ಮಗನನ್ನು ಕೇಳಿದರೆ, "ಕೊಲ್ಲಲಿಲ್ವಲ್ಲಮ್ಮ, ಪಾಪ ಅಂತ ಬಿಟ್ಟೆ" ಎಂದನಂತೆ. ಗುರುಮಠದಲ್ಲಿ ಏಳೆಂಟು ವರ್ಷ ನೀತಿಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿದವನಾದರೂ ಅಂದು ಆಕೆಗೆ ತಕ್ಷಣ ಕೊಡಬಲ್ಲ ಉತ್ತರ ನನ್ನಲ್ಲಿರಲಿಲ್ಲ. ಈ ಲೇಖನ ಅಂದಿನ ಬಾಕಿ.

ಪವಿತ್ರ ಗ್ರಂಥವನ್ನು ತೆರೆದು ನೋಡಿದರೆ ಮೀನುಗಾರಿಕೆಗೆ ಅಲ್ಲಿ ಗೌರವದ ಸ್ಥಾನವಿದೆ. ಪ್ರೇಷಿತರಲ್ಲಿ ಹಲವರು ಬಲೆ ಬೀಸುತ್ತಿದ್ದವರು. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದರು. ಗಾಳದ ಪ್ರಸ್ತಾಪ ಶುಭಸಂದೇಶಗಳಲ್ಲಿ ಒಂದೇ ಒಂದು ಕಡೆ, ಮತ್ತಾಯನ 17ನೇ ಅಧ್ಯಾಯದಲ್ಲಿ ಬರುತ್ತದೆ: ದೇವಾಲಯದ ತೆರಿಗೆ ಕಟ್ಟಲು ಪೇತ್ರರು ಗಾಳ ಹಾಕಿ ಮೊದಲು ಸಿಕ್ಕ ಮೀನಿನ ಬಾಯಿಂದ ನಾಣ್ಯ ತೆಗೆಯಬೇಕಾಗಿತ್ತು. ಆ ಮೀನು ಆಮೇಲೆ ಏನಾಯಿತೆಂದು ಮತ್ತಾಯ ಬರೆಯಲಿಲ್ಲ. ಮಧ್ಯಯುಗದಲ್ಲಿ ಗ್ರೇಷಿಯನ್ ಸಂಗ್ರಹಿಸಿದ ಧರ್ಮಸಭೆಯ ಕಾನೂನುಗಳಲ್ಲಿ ಒಂದು ಸ್ವಾರಸ್ಯಕರ ಮಾತಿದೆ. ಪವಿತ್ರ ಗ್ರಂಥದಲ್ಲಿ ಸಂತನಾದ ಬೇಟೆಗಾರ ಒಬ್ಬನೂ ಸಿಗುವುದಿಲ್ಲ, ಸಂತರಾದ ಮೀನುಗಾರರು ಸಿಗುತ್ತಾರೆ ಎಂಬುದು ಅದರ ಸಾರ. ಅಂತೆಯೇ 1917ರ ಧರ್ಮಸಭೆಯ ಕಾನೂನು ಸಂಹಿತೆ ಗುರುಗಳಿಗೆ ಬೇಟೆಯ ಗೀಳು ಬೇಡವೆಂದಿತೇ ಹೊರತು ಗಾಳದ ಸುದ್ದಿಗೆ ಹೋಗಲಿಲ್ಲ. ಗಾಳಪ್ರಿಯರಾದ ಗುರುಗಳು ಇದನ್ನು ಎಷ್ಟು ಶತಮಾನಗಳಿಂದ ನೆನಪಿಟ್ಟುಕೊಂಡು ಬಂದಿದ್ದಾರೆಂದು ನೀವು ಊಹಿಸಬಹುದು!

ಆದರೆ ಇವೆಲ್ಲ ಊಟಕ್ಕೆಂದು ಹಿಡಿದ ಮೀನಿನ ಮಾತು. ಆಟಕ್ಕೆಂದು ಹಿಡಿದ ಮೀನಿನ ವಿಷಯದಲ್ಲಿ ನನಗೆ ನೆನಪಾಗುವುದು ಪ್ರವಾದಿ ಹಬಕ್ಕೂಕ. ಮನುಷ್ಯರನ್ನು ಸಮುದ್ರದ ಮೀನುಗಳಂತೆ ಮಾಡಿಬಿಟ್ಟೆಯಲ್ಲ ಎಂದು ಆತ ದೇವರೊಡನೆ ವ್ಯಾಜ್ಯ ಹೂಡುತ್ತಾನೆ. ಶತ್ರು ತನ್ನ ಜನರನ್ನು ಗಾಳದಿಂದ ಎಳೆದು ಹರ್ಷಿಸುತ್ತಾನೆಂದು ದೂರುತ್ತಾನೆ. ಕೊಕ್ಕೆಯ ಅನುಭವವನ್ನು ಮೀನಿನ ಕಡೆಯಿಂದ ಕಂಡವನು ಅವನು. ಅವನ ದೂರಿನಲ್ಲಿ ಎಳೆದೊಯ್ಯುವ ಕ್ರೌರ್ಯದಷ್ಟೇ ಎಳೆಯುವವನ ಹರ್ಷವೂ ಚುಚ್ಚುತ್ತದೆ.

ಹಾಗಾದರೆ ಆಟವೇ ತಪ್ಪೇ? ಹಾಗೆನ್ನುವುದಕ್ಕೆ ಸಂತ ತೋಮಾಸ್ ಅಕ್ವಿನಾಸರು ಅವಕಾಶ ಕೊಡುವುದಿಲ್ಲ. ಬಿಲ್ಲನ್ನು ಸದಾ ಬಿಗಿದೇ ಇಟ್ಟರೆ ಮುರಿಯುವಂತೆ ಮನಸ್ಸೂ ದಣಿಯುತ್ತದೆ, ಅದಕ್ಕೆ ವಿರಾಮ ಬೇಕು, ಆಟವಾಡಲು ಬಲ್ಲದ್ದೂ ಒಂದು ಸದ್ಗುಣವೇ ಎಂದು ಅವರು ಬೋಧಿಸಿದರು. ಆದರೆ ಹಾನಿಕರವಾದ ಕೃತ್ಯದಲ್ಲಿ ಆನಂದ ಹುಡುಕಬಾರದೆಂಬುದು ಆ ಸದ್ಗುಣಕ್ಕೆ ಅವರು ಹಾಕಿದ ಮೊದಲ ಕಟ್ಟಳೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಆಹಾರಕ್ಕೂ ಉಡುಪಿಗೂ ಪ್ರಾಣಿಗಳನ್ನು ಬಳಸುವುದನ್ನು ಒಪ್ಪುತ್ತದೆ. ಅವುಗಳಿಗೆ ಅನಗತ್ಯವಾಗಿ ನೋವನ್ನೋ ಸಾವನ್ನೋ ತರುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಎಚ್ಚರಿಸುತ್ತದೆ. ಗಮನಿಸಿ, ಅಲ್ಲಿ ಬಂದಿರುವುದು ಪ್ರಾಣಿಯ ಹಕ್ಕಿನ ಮಾತಲ್ಲ. ನೋಯಿಸುವವನ ಅಂತರಂಗಕ್ಕೆ ಏನಾಗುತ್ತದೆ ಎಂಬ ಕಳವಳವದು.

ಮೀನಿಗೆ ನೋವಿದೆಯೇ ಎಂದು ನೀವು ಕೇಳುವಿರಿ. 2003ರಲ್ಲಿ ಬ್ರಿಟನ್ನಿನ ಸಂಶೋಧಕಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆ ಮತ್ತು ತುಟಿಗಳ ಭಾಗದಲ್ಲಿ ಗಾಯದ ಸುದ್ದಿಯನ್ನು ಒಯ್ಯುವ ನರತುದಿಗಳಿರುವುದನ್ನು ತೋರಿಸಿದರು. ಆ ಸುದ್ದಿ ಮೀನಿನಲ್ಲಿ ನಾವು ನೋವೆಂದು ಕರೆಯುವ ಅನುಭವವಾಗುತ್ತದೆಯೇ ಎಂಬ ವಿವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ನಾವೇನು ಮಾಡಬೇಕು? ಹಳೆಯ ನೀತಿಶಾಸ್ತ್ರದ ಪಾಠಗಳಲ್ಲಿ ಬರುವ ಬೇಟೆಗಾರನ ಉದಾಹರಣೆಯನ್ನು ಗುರುಮಠದಲ್ಲಿ ಓದಿದವರು ಯಾರೂ ಮರೆಯಲಾರರು. ಪೊದೆ ಅಲುಗಿತು, ಅಲ್ಲಿರುವುದು ಜಿಂಕೆಯೋ ಮನುಷ್ಯನೋ ತಿಳಿಯದು. ತಿಳಿಯದಿರುವಾಗ ಬಾಣ ಬಿಡುವಂತಿಲ್ಲ. ಮನುಷ್ಯನ ಪ್ರಾಣಕ್ಕೂ ಮೀನಿನ ತುಟಿಗೂ ಅಂತರ ಬಹಳವಿದೆ, ಆ ಅಂತರವನ್ನು ನಾನು ಅಳಿಸುತ್ತಿಲ್ಲ. ಆದರೆ ಸಂದೇಹ ಇರುವಾಗ ಅದರ ಲಾಭವನ್ನು ನನ್ನ ಸುಖಕ್ಕೇ ಬರೆದುಕೊಳ್ಳುವುದು ಯಾವ ನ್ಯಾಯ?

ಈಗ ಬೇಸಿಗೆಯ ಮಾತಿಗೆ ಬರೋಣ. ವಿಷಯದ ತಿರುಳು ಇಲ್ಲಿಯೇ ಇದೆ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆ ಜಲಾಶಯಗಳ ಮೇಲ್ಮೈ ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಯ ಬೇಡಿಕೆ ಹೆಚ್ಚಿರುತ್ತದೆ, ಏಕೆಂದರೆ ಅದು ಶೀತರಕ್ತದ ಪ್ರಾಣಿ. ನೀರು ಕಾದಂತೆ ಅದರ ಒಡಲ ಒಲೆಯೂ ಉರಿಯುತ್ತದೆ. ತಂಪು ಹುಡುಕಿ ಆಳಕ್ಕೆ ಇಳಿಯೋಣವೆಂದರೆ ಅಲ್ಲಿಯೂ ತಡೆ. ಬೇಸಿಗೆಯಲ್ಲಿ ಆಳವಾದ ಜಲಾಶಯ ಪದರಗಳಾಗಿ ಒಡೆಯುತ್ತದೆ: ಮೇಲೆ ಬಿಸಿಯಾದ ಹಗುರ ನೀರು, ಕೆಳಗೆ ತಂಪಾದ ಭಾರದ ನೀರು. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಕಸ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಹೀಗೆ ಮೇಲಿನ ಸೆಕೆಗೂ ಕೆಳಗಿನ ಉಸಿರುಗಟ್ಟುವಿಕೆಗೂ ನಡುವೆ ಆ ಮೀನು ಹೇಗೋ ದಿನ ನೂಕುತ್ತಿರುತ್ತದೆ.

ಅಂಥ ಮೀನಿಗೆ ಕೊಕ್ಕೆ ಬೀಳುತ್ತದೆ. ಪ್ರಾಣಭಯದಿಂದ ಅದು ಹೋರಾಡುತ್ತದೆ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಚೇತರಿಸಿಕೊಳ್ಳಲು ಗಂಟೆಗಳೇ ಬೇಕು. ಬಳುಕುವ ಕೋಲು, ಎಳೆಯ ದಾರ ಇದ್ದರೆ ಹೋರಾಟ ಇನ್ನೂ ಲಂಬಿಸುತ್ತದೆ. ಫ್ಲೈ ಗಾಳದ ನಾಜೂಕು ಇಲ್ಲಿ ಮೀನಿನ ಪಾಲಿಗೆ ಶಾಪ. ಕೊನೆಗೆ ಮೇಲೆತ್ತಿ, ಚಿತ್ರ ತೆಗೆಯುವಷ್ಟು ಹೊತ್ತು ಗಾಳಿಯಲ್ಲಿ ಹಿಡಿದಾಗ ಅದರ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿ ಉಸಿರಾಟ ನಿಂತೇಹೋಗುತ್ತದೆ. ಓಡಿ ಓಡಿ ಏದುಸಿರು ಬಿಡುತ್ತಿರುವವನ ಮೂಗು ಬಾಯಿ ಮುಚ್ಚಿ ಹಿಡಿದಂತೆ. ಆಮೇಲೆ ನೀರಿಗೆ ಬಿಡುತ್ತಾರೆ. ಅದು ಬಾಲ ಬಡಿದು ಮರೆಯಾಗುತ್ತದೆ. ಬಿಟ್ಟವನು "ಬದುಕಿಕೋ" ಎನ್ನುತ್ತಾನೆ.

ಬದುಕುತ್ತದೆಯೇ? ನ್ಯಾಯವಾಗಿ ಹೇಳಬೇಕೆಂದರೆ ಬಾಸ್ ಗಟ್ಟಿಜೀವ. ತಂಪು ಹೊತ್ತಿನಲ್ಲಿ, ಕೃತಕ ಹುಳುವಿನಿಂದ ತುಟಿಗೆ ಮಾತ್ರ ಕೊಕ್ಕೆ ಬಿದ್ದು, ಬೇಗನೆ ಬಿಡುಗಡೆಯಾದವುಗಳಲ್ಲಿ ಹೆಚ್ಚಿನವು ಬದುಕುತ್ತವೆ. ಆದರೆ ಸ್ಪರ್ಧೆಗಳ ನಂತರ ಬಿಟ್ಟ ಬಾಸುಗಳನ್ನು ಕೆಲವು ದಿನ ಬಲೆಯ ಆವರಣದೊಳಗೆ ಇರಿಸಿ ಎಣಿಸಿದ ಅಮೆರಿಕದ ಮೀನುತಜ್ಞರು, ನೀರಿನ ಬಿಸಿ ಏರಿದಂತೆ ಸಾವೂ ಏರುವುದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಆ ಸಾವು ಆಗುವುದು ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ. ದೋಣಿ ಅಷ್ಟು ಹೊತ್ತಿಗೆ ದಡ ಸೇರಿರುತ್ತದೆ. ಚಿತ್ರ ಅಜ್ಜಿಯ ಫೋನಿಗೆ ಬಂದಿರುತ್ತದೆ.

ಒಂದು ಕೃತ್ಯದ ಒಳಿತು ಕೆಡುಕನ್ನು ತೂಗುವಾಗ ಧರ್ಮಸಭೆಯ ನೀತಿಬೋಧೆ ಮೂರನ್ನು ನೋಡಲು ಕಲಿಸುತ್ತದೆ: ಮಾಡಿದ ಕೆಲಸ, ಮಾಡಿದವನ ಉದ್ದೇಶ, ಮಾಡಿದ ಸಂದರ್ಭ. ಪಾಪನಿವೇದನೆಗೆ ಬರುವವರು ಮೊದಲ ಎರಡನ್ನು ಹೇಳುತ್ತಾರೆ, ಮೂರನೆಯದನ್ನು ಸಾಮಾನ್ಯವಾಗಿ ಸಬೂಬಾಗಿ ಮಾತ್ರ ಬಳಸುತ್ತಾರೆ. ಆದರೆ ಸಂದರ್ಭವೆಂಬುದು ಹೊಣೆಯನ್ನು ಇಳಿಸುವಂತೆ ಏರಿಸಲೂ ಬಲ್ಲದು. ಅದೇ ಕೋಲು, ಅದೇ ಕೊಕ್ಕೆ, ಅದೇ ಒಳ್ಳೆಯ ಮನಸ್ಸು. ಏಪ್ರಿಲಿನ ಮುಂಜಾವಿನಲ್ಲಿ ಬಿಟ್ಟ ಮೀನೂ ಆಗಸ್ಟಿನ ಮಧ್ಯಾಹ್ನ ಬಿಟ್ಟ ಮೀನೂ ಒಂದೇ ಅಲ್ಲ. ನೀರಿನ ಬಿಸಿಯನ್ನು ಒಂದು ಅಗ್ಗದ ಥರ್ಮಾಮೀಟರು ಹೇಳಿಬಿಡುತ್ತದೆ. ತಿಳಿಯಲು ಸಾಧ್ಯವಿದ್ದೂ ತಿಳಿಯಲೊಲ್ಲದವನ ಅಜ್ಞಾನವನ್ನು ನೀತಿಶಾಸ್ತ್ರ ಎಂದೂ ಪೂರ್ತಿ ಮನ್ನಿಸಿಲ್ಲ. ಮೊಂಟಾನ ರಾಜ್ಯದ ಟ್ರೌಟ್ ಹೊಳೆಗಳಲ್ಲಿ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ಹಾಕದಂತೆ ನಿಷೇಧಿಸುತ್ತಾರೆ. ಬಾಸ್ ಟ್ರೌಟಿಗಿಂತ ಬಿಸಿ ತಾಳುವ ಮೀನು, ನಿಜ. ಆದರೆ ಕಾನೂನಿಲ್ಲದ ಕಡೆ ಮನಸ್ಸಾಕ್ಷಿಗೆ ರಜೆಯೇನೂ ಇಲ್ಲವಲ್ಲ.

ನಾವು ದಯೆಯನ್ನು ಅಳೆಯುವುದು ಕೊನೆಯ ಗಳಿಗೆಯ ಹಾವಭಾವದಿಂದ. ಮನೆಗೆಲಸದಾಕೆಯನ್ನು ಶಾಲೆಗಳು ತೆರೆಯುವ ಜೂನ್ ತಿಂಗಳಿನಲ್ಲಿ ಕೆಲಸದಿಂದ ಬಿಡಿಸಿದವರು, "ಒಂದು ಕಟುಮಾತೂ ಆಡಲಿಲ್ಲ, ಸೀರೆ ಕೊಟ್ಟು ಕಳುಹಿಸಿದೆವು" ಎಂದು ನೆಮ್ಮದಿಪಡುವುದನ್ನು ನಾನು ಕೇಳಿದ್ದೇನೆ. ಆಕೆ ಬಾಗಿಲು ದಾಟಿದ ಮೇಲಿನ ಕಥೆ ಅವರಿಗೆ ಕಾಣುವುದಿಲ್ಲ. ನೀರಿನ ಮೇಲ್ಮೈ ಬಹಳ ಬೇಗ ಸಪಾಟಾಗುತ್ತದೆ.

ಬಿಡುವುದರ ಪರವಾಗಿ ಹೇಳಬೇಕಾದ್ದೂ ಇದೆ, ಅದನ್ನು ನುಂಗಿಕೊಳ್ಳುವುದು ಸರಿಯಲ್ಲ. ಲೇಕ್ ಫೋರ್ಕಿನಲ್ಲಿ 16ರಿಂದ 24 ಅಂಗುಲದ ಬಾಸ್ ಸಿಕ್ಕರೆ ಬಿಡಲೇಬೇಕೆಂದು ನಿಯಮ. ಮರಿಮಾಡುವ ಮೀನುಗಳು ಉಳಿಯಲೆಂದು. ಹಿಡಿದದ್ದನ್ನೆಲ್ಲ ಕೊಂಡೊಯ್ದರೆ ಇಷ್ಟು ಗಾಳಗಳ ನಡುವೆ ಕೆರೆ ಬರಿದಾದೀತು. ನಮ್ಮ ಕಾವೇರಿಯದೇ ನಿದರ್ಶನವಿದೆ. ಭೀಮೇಶ್ವರಿಯ ಸುತ್ತ ಬಿಳಿಮೀನು ಎಂದು ಕರೆಯುವ ಮಹಶೀರನ್ನು ಹಿಡಿದು ಬಿಡುವ ಶಿಬಿರಗಳು ವರ್ಷಗಟ್ಟಲೆ ನಡೆದವು. ಅಲ್ಲಿನ ಗಾಳಗಾರರೂ ಕಾವಲುಗಾರರೂ ಇದ್ದಷ್ಟು ಕಾಲ ಡೈನಮೈಟ್ ಸಿಡಿಸಿ ಮೀನು ಕೊಲ್ಲುವವರಿಗೆ ಅಂಜಿಕೆ ಇತ್ತೆಂದು ಆ ಶಿಬಿರಗಳ ಪರವಾದವರು ವಾದಿಸುತ್ತಾರೆ. ವನ್ಯಧಾಮದೊಳಗೆ ಆ ಆಟ ಸಲ್ಲದೆಂದು ಕಳೆದ ದಶಕದ ಆರಂಭದ ಹೊತ್ತಿಗೆ ಅದು ನಿಂತಿತು. ಕಾವೇರಿಯ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇನ್ನೊಂದೆಡೆ ಸ್ವಿಟ್ಜರ್ಲೆಂಡ್ ತನ್ನ 2008ರ ಪ್ರಾಣಿರಕ್ಷಣಾ ನಿಯಮಗಳಲ್ಲಿ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ಜಪಾನಿನ ಬೀವಾ ಸರೋವರದಲ್ಲಿ ಹೊರಗಿನಿಂದ ಬಂದ ಬಾಸ್ ಸ್ಥಳೀಯ ಮೀನುಗಳನ್ನು ತಿಂದುಹಾಕುವುದರಿಂದ, ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವುದೇ 2003ರಿಂದ ಅಲ್ಲಿ ನಿಷಿದ್ಧ. ಟೆಕ್ಸಾಸಿನಲ್ಲಿ ಸೌಜನ್ಯವೆನಿಸಿದ್ದು ಅಲ್ಲಿ ಅಪರಾಧ. ಬಿಡುವ ಕೈಚಲನೆಯೊಂದರಲ್ಲೇ ಪುಣ್ಯವಿದೆಯೆನ್ನುವವರು ಈ ಮೂರೂ ನೀರುಗಳನ್ನು ಒಮ್ಮೆ ಯೋಚಿಸಬೇಕು.

ನನ್ನ ಅಭಿಪ್ರಾಯವನ್ನು ಕೇಳಿದರೆ, ಆ ತಾಯಿಯ ಮಗ ಪಾಪಿಯಲ್ಲ. ಮುಂಜಾವಿನಲ್ಲಿ ಮಗನೊಡನೆ ನೀರಿನ ಮೇಲೆ ಕಳೆವ ಗಂಟೆಗಳು ದೇವರ ಕೊಡುಗೆ. ಪಡಸಾಲೆಯಲ್ಲಿ ಇಬ್ಬರೂ ಬೇರೆ ಬೇರೆ ಪರದೆಗಳನ್ನು ದಿಟ್ಟಿಸುತ್ತ ಕೂರುವುದಕ್ಕಿಂತ ಎಷ್ಟೋ ಮೇಲು. ಆದರೆ "ಪಾಪ ಅಂತ ಬಿಟ್ಟೆ" ಎಂಬ ಅವನ ಮಾತನ್ನು ನಾನು ಒಪ್ಪಲಾರೆ. ಪಾಪವೆನಿಸಬೇಕಾದದ್ದು ಕೊಕ್ಕೆ ಎಸೆಯುವ ಮೊದಲು. ಎಸೆದ ಮೇಲೆ ಬಿಡುವುದು ಮಾಡಿದ ಗಾಯಕ್ಕೆ ಕಟ್ಟುವ ಪಟ್ಟಿ. ಪಟ್ಟಿ ಕಟ್ಟಿದ್ದಕ್ಕೆ ಹೊಗಳಿಕೆ ಕೇಳಬಾರದು. ತಾಯಿ ಒತ್ತಾಯಿಸಿದ್ದರಿಂದ ಅವನಿಗೆ ಇದನ್ನೆಲ್ಲ ಸಂಕ್ಷೇಪವಾಗಿ ಬರೆದು ಕಳುಹಿಸಿದೆ. ಬೇಸಿಗೆಯಲ್ಲಿ ಹೋಗುವುದಾದರೆ ಸೂರ್ಯೋದಯಕ್ಕೆ ಹೋಗಿ ಬಿಸಿಲೇರುವ ಮೊದಲು ಕೋಲು ಮಡಚಬೇಕು. ಮುಳ್ಳಿಲ್ಲದ ಕೊಕ್ಕೆ, ಬೇಗ ಎಳೆದುಕೊಳ್ಳಬಲ್ಲ ಗಟ್ಟಿ ದಾರ ಇರಬೇಕು. ಬಿಡುವ ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಬೇಕು, ಚಿತ್ರ ಬೇಡ. ಎರಡು ಮೂರು ಸಿಕ್ಕಿದ ಮೇಲೆ ಸಾಕೆನ್ನಬೇಕು. ನಿಯಮ ಒಪ್ಪುವ ಅಳತೆಯ ಮೀನೊಂದು ಸಿಕ್ಕರೆ ಅದನ್ನು ಮನೆಗೆ ಒಯ್ದು ಮಗನ ಎದುರಿನಲ್ಲೇ ಸ್ವಚ್ಛಮಾಡಿ, ಬಡಿಸುವಾಗ ಕೃತಜ್ಞತೆಯ ಪ್ರಾರ್ಥನೆ ಹೇಳಿಸಿ ಎಂದೂ ಸೇರಿಸಿದೆ.

ಬಹಳ ದಿನ ಉತ್ತರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಆ ತಾಯಿ ಸಿಕ್ಕಿದಾಗ, ಹದಿನಾಲ್ಕು ಅಂಗುಲದ ಮೀನೊಂದನ್ನು ಮನೆಗೆ ತಂದಿದ್ದರೆಂದೂ, ಅದನ್ನು ಹೇಗೆ ಹೆರೆಯುವುದೆಂದು ಮಗನಿಗಾಗಲೀ ಸೊಸೆಗಾಗಲೀ ಗೊತ್ತಿರಲಿಲ್ಲವೆಂದೂ ಹೇಳಿದರು. ನಡುರಾತ್ರಿ ಫೋನು ಮಾಡಿ ಎಬ್ಬಿಸಿದರಂತೆ. "ಬೂದಿ ಹಚ್ಚಿ ಕಲ್ಲಿನ ಮೇಲೆ ಉಜ್ಜು ಅಂದೆ ಸ್ವಾಮಿ. ಅಲ್ಲಿ ಬೂದಿ ಎಲ್ಲಿ, ಕಲ್ಲೆಲ್ಲಿ? ಕೊನೆಗೆ ಕಲ್ಲುಪ್ಪು ಹಾಕಿ ಚಾಕುವಿನ ಬೆನ್ನಲ್ಲಿ ಬಾಲದಿಂದ ತಲೆ ಕಡೆಗೆ ಹೆರೆಯೋಕೆ ಹೇಳಿಕೊಟ್ಟೆ. ಮೊಮ್ಮಗ ಮಾತೇ ಆಡದೆ ಪಕ್ಕದಲ್ಲಿ ನಿಂತು ನೋಡ್ತಿದ್ದ. ಆಮೇಲೆ, 'ಅಜ್ಜಿ, ಇದರ ಕಣ್ಣು ಮುಚ್ಚೋದೇ ಇಲ್ವಾ?' ಅಂತ ಕೇಳಿದ."